ಜೈಲು ಸೇರಿದ ಮಗಳ ಓದು ನಿಲ್ಲಬೇಕಿಲ್ಲ

ಆಳಂದ ತಾಲೂಕಿನ ಸರಸಂಬಾದಂಥ ಊರಿನ ದಲಿತ ಹೆಣ್ಣುಮಗಳೊಬ್ಬಳು ಪಿಯುಸಿ ಮುಗಿಸಿದ್ದಾಳೆ, ಯಾವುದೋ ಪ್ರಕರಣದಲ್ಲಿ ಸಿಲುಕಿ ಕಲಬುರಗಿ ಕೇಂದ್ರ ಕಾರಾಗೃಹ ಸೇರಿದ್ದಾಳೆ ಎನ್ನಿ. ‘ಇನ್ನೆಲ್ಲಿಯ ಓದು’ ಎಂದು ಮನೆಯವರೇ ಕೈಚೆಲ್ಲುತ್ತಾರೆ. ಕಾನೂನು ಕೈಚೆಲ್ಲಿಲ್ಲ. ಕೈದಿಯಾದ ಮಾತ್ರಕ್ಕೆ ಮೂಲಭೂತ ಹಕ್ಕುಗಳು ಅಳಿಸಿಹೋಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 1978ರ ಸುನಿಲ್ ಬಾತ್ರಾ ಪ್ರಕರಣದಲ್ಲೇ ಹೇಳಿದೆ. ವಿಚಾರಣಾಧೀನ ಕೈದಿಯಂತೂ ಇನ್ನೂ ಅಪರಾಧಿಯೇ ಅಲ್ಲ.

ಹತ್ತಿರದ ದಾರಿ ದೂರಶಿಕ್ಷಣ. ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ (ಇಗ್ನೋ) ಕೈದಿಗಳಿಗೆ ಶುಲ್ಕ ವಿನಾಯಿತಿ ಕೊಡುತ್ತ ಬಂದಿದೆ. ಹಲವು ಜೈಲುಗಳ ಒಳಗೇ ಪರೀಕ್ಷೆ ನಡೆಸುತ್ತದೆ. ನಮ್ಮ ಭಾಗಕ್ಕೆ ಅದರ ಪ್ರಾದೇಶಿಕ ಕೇಂದ್ರ ವಿಜಯಪುರದಲ್ಲಿದೆ. ಪ್ರವೇಶ ವರ್ಷಕ್ಕೆ ಎರಡು ಬಾರಿ, ಜನವರಿ ಮತ್ತು ಜುಲೈ ಸರದಿಯಲ್ಲಿ.

ಬಾಯಿಮಾತಿನಲ್ಲಿ ಕೇಳಿ ಸುಮ್ಮನಾಗಬಾರದು. ಜೈಲು ಅಧೀಕ್ಷಕರಿಗೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಬೇಕು. ಪುಸ್ತಕ, ಪಾಠ, ಪರೀಕ್ಷೆ ಮಹಿಳಾ ವಿಭಾಗದಲ್ಲೇ ಸಿಗಲಿ ಎಂದು ಅರ್ಜಿಯಲ್ಲೇ ಬರೆಯಿರಿ. ಜೈಲಿನಲ್ಲಿ ಹೆಂಗಸರ ಸಂಖ್ಯೆ ಕಡಿಮೆ. ಗ್ರಂಥಾಲಯ, ತರಗತಿಗಳು ಗಂಡಸರ ಕಡೆಗಷ್ಟೇ ಉಳಿದುಬಿಡುವ ಅಪಾಯ ಹೆಚ್ಚು. ಸಮಾನತೆ ಸಾರುವ ಸಂವಿಧಾನದ 14 ಮತ್ತು 15ನೇ ವಿಧಿಗಳ ಮುಂದೆ ‘ಸಂಖ್ಯೆ ಕಡಿಮೆ’ ಎಂಬುದು ನಿಲ್ಲುವ ನೆಪವಲ್ಲ.

ಜಾತಿಯ ಮಾತು ಬೇರೆಯೇ ಇದೆ, ಅದನ್ನು ಮುಚ್ಚಿಡಬಾರದು. ಜಾತಿ ನೋಡಿ ಕಸ ಗುಡಿಸುವ, ಶೌಚಾಲಯ ತೊಳೆಯುವ ಕೆಲಸ ಹಂಚುವುದು ಸಂವಿಧಾನಬಾಹಿರ ಎಂದು ಸುಪ್ರೀಂ ಕೋರ್ಟ್ 2024ರ ಅಕ್ಟೋಬರ್ 3ರಂದು ಸುಕನ್ಯಾ ಶಾಂತಾ ಪ್ರಕರಣದಲ್ಲಿ ತೀರ್ಪಿತ್ತಿತು. ಜೈಲು ದಾಖಲೆಗಳಿಂದ ಜಾತಿಯ ಕಾಲಂ ತೆಗೆಯಲೂ ಆದೇಶಿಸಿತು. ಓದುವ ಹೊತ್ತನ್ನು ಇಂಥ ಕೆಲಸ ನುಂಗುತ್ತಿದ್ದರೆ ಈ ತೀರ್ಪನ್ನು ಹೆಸರಿಸಿ ದೂರು ಕೊಡಿ.

ವಕೀಲರ ಫೀಸಿನ ಚಿಂತೆ ಬೇಡ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಂ ಪ್ರಕಾರ ಮಹಿಳೆಯರು, ಪರಿಶಿಷ್ಟ ಜಾತಿ-ಪಂಗಡದವರು, ಬಂಧನದಲ್ಲಿರುವವರು ಉಚಿತ ನೆರವಿಗೆ ಅರ್ಹರು. ಆದಾಯ ಎಷ್ಟೆಂದು ಕೇಳುವಂತಿಲ್ಲ. ಆಳಂದದ ತಾಲೂಕು ಕಾನೂನು ಸೇವಾ ಸಮಿತಿ, ಕಲಬುರಗಿಯ ಜಿಲ್ಲಾ ಪ್ರಾಧಿಕಾರ ಅಥವಾ 15100 ಸಹಾಯವಾಣಿಯನ್ನು ಸಂಪರ್ಕಿಸಬಹುದು. ಅರ್ಜಿಗೆ ಉತ್ತರವೇ ಬಾರದಿದ್ದರೆ ಹೈಕೋರ್ಟಿನ ಕಲಬುರಗಿ ಪೀಠದಲ್ಲಿ ಸಂವಿಧಾನದ 226ನೇ ವಿಧಿಯಡಿ ರಿಟ್ ಹಾಕುವ ದಾರಿಯಿದೆ.

ಇಷ್ಟೆಲ್ಲ ಇದ್ದೂ ಓದು ಕಾಗದದ ಕೊರತೆಯಿಂದ ನಿಲ್ಲಬಹುದು. ಅಂಕಪಟ್ಟಿ ಊರಲ್ಲಿರುತ್ತದೆ, ಮಾನಕ್ಕಂಜಿ ಮನೆಯವರು ಭೇಟಿಗೇ ಹೋಗುವುದಿಲ್ಲ. ಅಪ್ಪ-ಅವ್ವಂದಿರೇ, ಅಣ್ಣತಮ್ಮಂದಿರೇ, ಅವಳ ಎಸ್ಸೆಸ್ಸೆಲ್ಸಿ, ಪಿಯುಸಿ ಅಂಕಪಟ್ಟಿ, ಆಧಾರ್, ಭಾವಚಿತ್ರ ಹಿಡಿದು ಮುಂದಿನ ಭೇಟಿಗೆ ಹೋಗಿ.