ವೀಡಿಯೊ ಕರೆ ಮತ್ತು ಹಿರಿಯರ ಒಂಟಿತನ

ಮನುಷ್ಯನು ಸಂಘಜೀವಿ ಎಂಬ ಮಾತನ್ನು ಶಾಲೆಯಲ್ಲಿ ಕಂಠಪಾಠ ಮಾಡಿದವರೆಲ್ಲರೂ 2020ರ ಮಾರ್ಚ್ ತಿಂಗಳಲ್ಲಿ ಅದರ ಅರ್ಥವನ್ನು ಹೊಸದಾಗಿ ಕಲಿಯಬೇಕಾಯಿತು. ಆ ತಿಂಗಳ 22ರಂದು ಜನತಾ ಕರ್ಫ್ಯೂ. 25ರಿಂದ ದೇಶವ್ಯಾಪಿ ಲಾಕ್‌ಡೌನ್. ರೈಲುಗಳು ನಿಂತವು. ಮುಂಬಯಿಯ ಜೀವನಾಡಿಯೆನಿಸಿದ ಲೋಕಲ್ ಗಾಡಿಗಳು ಸಾಮಾನ್ಯ ಪ್ರಯಾಣಿಕರಿಗೆ ಮತ್ತೆ ತೆರೆದುದು 2021ರ ಫೆಬ್ರವರಿ 1ರಂದು, ಅದೂ ನಿಗದಿತ ವೇಳೆಗಳಲ್ಲಿ ಮಾತ್ರ. ಡೊಂಬಿವಲಿಯಲ್ಲಿರುವ ಮಗಳು ಮಾಟುಂಗದಲ್ಲಿರುವ ತಾಯಿಯನ್ನು ಹೋಗಿ ಕಾಣುವುದೂ, ಕುರ್ಲಾದಲ್ಲಿ ಗಾಡಿ ಹತ್ತಿ ಮರುದಿನ ಬೆಳಿಗ್ಗೆ ಉಡುಪಿಯಲ್ಲಿ ಇಳಿಯುವುದೂ ಆಗ ಸರಿಸಮಾನವಾದ ಅಸಾಧ್ಯಗಳಾದವು.

ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದ ಕನ್ನಡಿಗನಿಗೆ ಅಗಲಿಕೆ ಹೊಸದಲ್ಲ. ಮನಿ ಆರ್ಡರ್ ಫಾರಮಿನ ಅಂಗೈಯಗಲದ ಜಾಗದಲ್ಲಿ ಎರಡು ಸಾಲು ಕ್ಷೇಮಸಮಾಚಾರ ಬರೆದು, ಟ್ರಂಕ್ ಕಾಲ್‌ಗಾಗಿ ಗಂಟೆಗಟ್ಟಲೆ ಕಾದು, ಮೂರು ನಿಮಿಷದಲ್ಲಿ ಮಾತು ಮುಗಿಸಿದ ತಲೆಮಾರು ಇನ್ನೂ ನಮ್ಮ ನಡುವೆ ಇದೆ. ಅದೇ ತಲೆಮಾರು ತನ್ನ ಎಪ್ಪತ್ತರ ವಯಸ್ಸಿನಲ್ಲಿ ಮೊಮ್ಮಕ್ಕಳಿಂದ ವೀಡಿಯೊ ಕರೆಯ ಗುಂಡಿ ಒತ್ತುವುದನ್ನು ಕಲಿಯಿತು. ಝೂಮ್ ವ್ಯವಸ್ಥೆಯ ಸಭೆಗಳಲ್ಲಿ ದಿನವೊಂದಕ್ಕೆ ಪಾಲ್ಗೊಳ್ಳುವವರ ಲೆಕ್ಕ 2019ರ ಡಿಸೆಂಬರಿನಲ್ಲಿ 1 ಕೋಟಿಯಷ್ಟಿದ್ದುದು 2020ರ ಏಪ್ರಿಲ್ ವೇಳೆಗೆ 30 ಕೋಟಿ ತಲುಪಿತು. ವಾಟ್ಸಾಪ್ ಸಂಸ್ಥೆಯು ಆ ತಿಂಗಳಲ್ಲೇ ಗುಂಪು ಕರೆಯ ಮಿತಿಯನ್ನು ನಾಲ್ವರಿಂದ ಎಂಟು ಮಂದಿಗೆ ಏರಿಸಿತು. ಸಂಘಗಳ ಸಭೆ, ನಾಮಕರಣ, ಸೀಮಂತಗಳೆಲ್ಲ ಅಂಗೈಯೊಳಗಿನ ಪರದೆಗೆ ಇಳಿದು ಬಂದವು. ಅಂತ್ಯಕ್ರಿಯೆಗೆ ಇಪ್ಪತ್ತು ಮಂದಿಗಿಂತ ಹೆಚ್ಚು ಸೇರಬಾರದೆಂಬ ನಿಯಮವಿದ್ದ ಆ ದಿನಗಳಲ್ಲಿ ಎಷ್ಟೋ ಮಕ್ಕಳಿಗೆ ಹೆತ್ತವರ ಕಡೆಯ ಮುಖದರ್ಶನವೂ ಅಲ್ಲಿಯೇ ಆಯಿತು.

ಈ ಸಂಪರ್ಕವು ಮನಸ್ಸಿನ ಸಮಾಧಾನಕ್ಕೆ ಮಾತ್ರ ಸಂಬಂಧಿಸಿದ್ದೆಂದು ಭಾವಿಸುವುದು ತಪ್ಪು. ಜೂಲಿಯಾನ್ ಹೋಲ್ಟ್-ಲನ್‌ಸ್ಟಾಡ್ ಎಂಬ ಅಮೆರಿಕದ ಮನೋವಿಜ್ಞಾನಿ ಮತ್ತು ಸಂಗಡಿಗರು 148 ಅಧ್ಯಯನಗಳನ್ನೂ ಅವುಗಳಲ್ಲಿ ಸೇರಿದ ಮೂರು ಲಕ್ಷಕ್ಕೂ ಹೆಚ್ಚು ಜನರ ವಿವರಗಳನ್ನೂ ಒಟ್ಟುಗೂಡಿಸಿ 2010ರಲ್ಲಿ ಪ್ರಕಟಿಸಿದ ಪರಿಶೀಲನೆಯ ಪ್ರಕಾರ, ಬಲವಾದ ಸಾಮಾಜಿಕ ಸಂಬಂಧಗಳುಳ್ಳವರು ಅಧ್ಯಯನದ ಅವಧಿಯಲ್ಲಿ ಬದುಕುಳಿಯುವ ಸಂಭವವು ಉಳಿದವರಿಗಿಂತ ಶೇಕಡಾ 50ರಷ್ಟು ಹೆಚ್ಚು. ವಿಶ್ವ ಆರೋಗ್ಯ ಸಂಸ್ಥೆಯ 2025ರ ವರದಿಯು ಜಗತ್ತಿನ ಆರು ಜನರಲ್ಲಿ ಒಬ್ಬರು ಒಂಟಿತನದಿಂದ ಬಳಲುತ್ತಿರುವರೆಂದು ತಿಳಿಸಿದೆ. ರಕ್ತದೊತ್ತಡ, ಮಧುಮೇಹಗಳಂತೆಯೇ ಇದನ್ನೂ ಗಣನೆಗೆ ತಂದುಕೊಳ್ಳಬೇಕಾದ ಕಾಲ ಬಂದಿದೆ.

ಹಾಗಾದರೆ ಮುಖ ಕಂಡೊಡನೆ ಒಂಟಿತನ ಕರಗುವುದೇ? ಇಲ್ಲಿ ಸ್ವಲ್ಪ ಎಚ್ಚರಿಕೆ ಬೇಕು. ವೈದ್ಯಕೀಯ ಪುರಾವೆಗಳನ್ನು ತೂಗಿ ನೋಡುವ ಕಾಕ್ರೇನ್ ಸಂಸ್ಥೆಯು 2020ರಲ್ಲಿಯೇ ಈ ಪ್ರಶ್ನೆಯನ್ನು ಕೈಗೆತ್ತಿಕೊಂಡಿತು. ಅದಕ್ಕೆ ದೊರೆತುದು ಕೇವಲ ಮೂರು ಪ್ರಯೋಗಗಳು, 201 ಮಂದಿ ಹಿರಿಯರು. ಎಲ್ಲರೂ ಶುಶ್ರೂಷಾಲಯಗಳಲ್ಲಿ ಇದ್ದವರು. ಮೂರು ತಿಂಗಳ ಬಳಿಕ ಅಳೆದಾಗ ವೀಡಿಯೊ ಕರೆಯಿಂದ ಒಂಟಿತನದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಪುರಾವೆಯೂ ದುರ್ಬಲವೆಂದು ಸಂಸ್ಥೆಯೇ ಒಪ್ಪಿಕೊಂಡಿತು.

ಇದಕ್ಕೆ ಎದುರಾಗಿ ಇನ್ನೊಂದು ಪ್ರಯೋಗವನ್ನಿಟ್ಟು ನೋಡಬೇಕು. 2020ರಲ್ಲಿ ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿ, ಮನೆಗೆ ಊಟ ತಲುಪಿಸುವ ಸೇವೆಯನ್ನು ಅವಲಂಬಿಸಿದ್ದ 240 ಮಂದಿಯನ್ನು ಎರಡು ಗುಂಪುಗಳಾಗಿ ವಿಂಗಡಿಸಿ, ಒಂದು ಗುಂಪಿಗೆ ನಾಲ್ಕು ವಾರಗಳ ಕಾಲ ಸಾಮಾನ್ಯ ದೂರವಾಣಿಯಲ್ಲಿ ಕರೆ ಮಾಡಲಾಯಿತು. ಕರೆ ಮಾಡಿದವರು ವೈದ್ಯರಲ್ಲ. 17ರಿಂದ 23 ವಯಸ್ಸಿನ 16 ತರುಣ ತರುಣಿಯರು. ಅವರಿಗೆ ಕೊಟ್ಟ ತರಬೇತಿಯೂ ಅಲ್ಪವೇ: ಮಾತಿನ ವಿಷಯವನ್ನು ಎದುರಿನವರೇ ಆರಿಸಲಿ, ನೀವು ಆಸಕ್ತಿಯಿಂದ ಕೇಳಿ ಎಂಬಷ್ಟು. ಹತ್ತು ನಿಮಿಷಕ್ಕೂ ಕಡಮೆಯ ಈ ಕರೆಗಳಿಂದ ಒಂಟಿತನ, ಖಿನ್ನತೆ, ಆತಂಕ ಮೂರೂ ಇಳಿದುವು. ಅಲ್ಲಿ ಚಿತ್ರವೇ ಇರಲಿಲ್ಲ, ಕರೆದವರು ಬಂಧುಗಳೂ ಅಲ್ಲ. ನಿಯಮ ತಪ್ಪದೆ ಬಂದ ಒಂದು ದನಿ ಇತ್ತು, ಕೇಳುವ ಕಿವಿ ಇತ್ತು.

ವೀಡಿಯೊದ ಚಿತ್ರವು ನಿರರ್ಥಕವೆಂದು ಇದರಿಂದ ತಿಳಿಯಬಾರದು. ವಯಸ್ಸಾದಂತೆ ಕಿವಿಯು ಮೊದಲು ಕಳೆದುಕೊಳ್ಳುವುದು ಏರುಸ್ವರದ ಧ್ವನಿಗಳನ್ನು. ಸ, ತ, ಫ ಮುಂತಾದ ಅಕ್ಷರಗಳು ಮಸುಕಾಗುತ್ತವೆ. ಆಗ ತುಟಿಯ ಚಲನೆ ಕಂಡರೆ ಮಾತು ಅರ್ಥವಾಗುವುದು ಸುಲಭ. ಆದುದರಿಂದ ಕರೆ ಮಾಡುವವರು ಕಿಟಕಿಗೆ ಬೆನ್ನು ಕೊಟ್ಟು ಕುಳಿತುಕೊಳ್ಳಬಾರದು. ಬೆಳಕು ಮುಖದ ಮೇಲೆ ಬೀಳಬೇಕು. ಫೋನನ್ನು ಕೈಯಲ್ಲಿ ಹಿಡಿದು ಅಡುಗೆಮನೆಯಿಂದ ಬಾಲ್ಕನಿಗೆ ತಿರುಗಾಡುವವರ ಚಿತ್ರವನ್ನು ನೋಡಿದರೆ ಹಿರಿಯರಿಗೆ ತಲೆ ಸುತ್ತುವುದಲ್ಲದೆ ಬೇರೇನೂ ದೊರೆಯದು. ಹಿರಿಯರ ಕಡೆಯಲ್ಲಿ ಫೋನು ಒಂದು ಸ್ಟೀಲ್ ಡಬ್ಬಿಗೆ ಒರಗಿ ನಿಂತರೆ ಸಾಕು, ಕೈ ನೋಯದು.

ಚಿತ್ರಕ್ಕೆ ತನ್ನದೇ ಆದ ದಣಿವೂ ಉಂಟು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜೆರೆಮಿ ಬೈಲೆನ್ಸನ್ ಅವರು 2021ರಲ್ಲಿ ಇದಕ್ಕೆ ನಾಲ್ಕು ಕಾರಣಗಳನ್ನು ಸೂಚಿಸಿದರು: ಮುಖಗಳು ಅತಿ ಸಮೀಪದಿಂದ ದಿಟ್ಟಿಸುವುದು, ಎಡೆಬಿಡದೆ ತನ್ನ ಮುಖವನ್ನೇ ಕಾಣುವುದು, ಒಂದೆಡೆ ಅಲುಗಾಡದೆ ಕೂರುವುದು, ಸಹಜವಾಗಿ ತಿಳಿಯುವ ಸನ್ನೆಗಳನ್ನು ಪ್ರಯತ್ನಪಟ್ಟು ಗ್ರಹಿಸುವುದು. ಧ್ವನಿ ತುಸು ತಡವಾಗಿ ತಲುಪಿದಾಗ ಇಬ್ಬರೂ ಒಟ್ಟಿಗೆ ಮಾತನಾಡಿ, ಒಟ್ಟಿಗೆ ನಿಲ್ಲಿಸಿ, ‘ನೀನು ಹೇಳು’, ‘ನೀವು ಹೇಳಿ’ ಎನ್ನುವುದರಲ್ಲೇ ಕಾಲ ಕಳೆಯುವುದು ಎಲ್ಲರ ಅನುಭವ. ಎಂಟು ಮಂದಿಯ ಗುಂಪಿನಲ್ಲಿ ಇದು ಇನ್ನೂ ಹೆಚ್ಚು. ಅಲ್ಲಿ ಅಜ್ಜಿಯು ಮಾತನಾಡುವವಳಾಗಿ ಉಳಿಯದೆ ಪ್ರೇಕ್ಷಕಳಾಗುತ್ತಾಳೆ. ‘ಅಜ್ಜಿಗೆ ಟಾಟಾ ಮಾಡು’ ಎನ್ನುವಲ್ಲಿಗೆ ಅವಳ ಪಾತ್ರ ಮುಗಿಯುತ್ತದೆ.

ಬ್ಯಾಂಕಿನ ಆವರ್ತ ಠೇವಣಿ, ಅಂದರೆ ಎಲ್ಲರ ಬಾಯಲ್ಲಿರುವ ಆರ್.ಡಿ., ನಡೆಯುವ ಕ್ರಮವನ್ನು ಇಲ್ಲಿ ನೆನೆಯಬಹುದು. ಕಂತು ಚಿಕ್ಕದಾದರೂ ದಿನ ತಪ್ಪುವಂತಿಲ್ಲ. ಯುಗಾದಿಗೊಮ್ಮೆ, ದೀಪಾವಳಿಗೊಮ್ಮೆ ಎರಡು ಗಂಟೆಯ ಸಂಭ್ರಮದ ಕರೆಗಿಂತ, ವಾರದಲ್ಲಿ ಮೂರು ಸಂಜೆ ಗೊತ್ತಾದ ಹೊತ್ತಿಗೆ ಹತ್ತು ನಿಮಿಷದ ಕರೆಯೇ ಲೇಸು. ಹೊತ್ತು ಗೊತ್ತಿದ್ದರೆ ಹಿರಿಯರ ದಿನಕ್ಕೆ ಒಂದು ಕ್ರಮ ಬರುತ್ತದೆ. ಮಧ್ಯಾಹ್ನವೇ ಏನು ಹೇಳಬೇಕೆಂದು ಮನಸ್ಸಿನಲ್ಲಿ ಜೋಡಿಸಿಕೊಳ್ಳುತ್ತಾರೆ. ‘ಊಟವಾಯಿತೇ, ಮಾತ್ರೆ ತೆಗೆದುಕೊಂಡಿರಾ’ ಎಂಬ ಎರಡು ಪ್ರಶ್ನೆಗಳು ವಿಚಾರಣೆಯಾದಾವೇ ಹೊರತು ಸಂಭಾಷಣೆಯಾಗಲಾರವು. ಪತ್ರೊಡೆಗೆ ಹುಣಸೆಹಣ್ಣು ಎಷ್ಟು ಹಾಕಬೇಕು, ದೊಡ್ಡಪ್ಪನವರು ಮುಂಬಯಿಗೆ ಬಂದುದು ಯಾವ ವರ್ಷ, ಆಗ ಖೋಲಿಯ ಬಾಡಿಗೆ ಎಷ್ಟಿತ್ತು ಎಂದು ಕೇಳಿದರೆ ಕೊಡುವವರ ಸ್ಥಾನ ಹಿರಿಯರದಾಗುತ್ತದೆ.

ಒಂಟಿಯಾದವರಿಗೆ ಯಾರ ಕರೆಯಾದರೂ ಹಿತವೇ. ವಂಚಕರಿಗೂ ಇದು ತಿಳಿದಿದೆ. ಪೊಲೀಸ್ ಸಮವಸ್ತ್ರ ತೊಟ್ಟು ವೀಡಿಯೊ ಕರೆಯಲ್ಲಿ ಕಾಣಿಸಿಕೊಂಡು, ‘ಡಿಜಿಟಲ್ ಅರೆಸ್ಟ್’ ಎಂದು ಹೆದರಿಸಿ, ಪಿಂಚಣಿಯ ಹಣವನ್ನು ದೋಚಿದ ಪ್ರಕರಣಗಳು ಇತ್ತೀಚಿನ ವರ್ಷಗಳಲ್ಲಿ ಅನೇಕ ನಡೆದಿವೆ. ಕರೆಯ ಮೂಲಕ ಬಂಧಿಸುವ ಪದ್ಧತಿ ಭಾರತದ ಕಾನೂನಿನಲ್ಲಿಲ್ಲ. ಇಂಥ ಕರೆಯನ್ನು ತುಂಡರಿಸಿ 1930 ಸಂಖ್ಯೆಗೆ ದೂರು ಕೊಡಬೇಕು. ಮಕ್ಕಳೊಡನೆ ಸಂಜೆ ಮಾತನಾಡುವ ರೂಢಿಯಿರುವವರು ಇಂಥದನ್ನು ಬಹುಕಾಲ ಬಚ್ಚಿಡಲಾರರು ಎಂಬುದು ಆ ರೂಢಿಯ ಇನ್ನೊಂದು ಪ್ರಯೋಜನ.

ಪಿಂಚಣಿದಾರರು ನವೆಂಬರಿನಲ್ಲಿ ಕೊಡುವ ಜೀವಿತ ಪ್ರಮಾಣಪತ್ರವನ್ನು ಈಗ ಮನೆಯಿಂದಲೇ ಕಳುಹಿಸಬಹುದು. ನಡೆಯಲಾರದವರಿಗೆ ಅದು ದೊಡ್ಡ ಉಪಕಾರ. ನಡೆಯಬಲ್ಲವರು ಮಾತ್ರ ಬ್ಯಾಂಕಿಗೆ ಹೋಗಿಬರುವುದೇ ಒಳ್ಳೆಯದು. ಸರದಿಯಲ್ಲಿ ಪಕ್ಕದವರೊಡನೆ ಆಡುವ ನಾಲ್ಕು ಮಾತು ಯಾವ ಪರದೆಯಲ್ಲೂ ಸಿಕ್ಕದು.

ರೈಲುಗಳು ಮತ್ತೆ ಓಡತೊಡಗಿದ ಮೇಲೆ ಅನೇಕ ಮನೆಗಳಲ್ಲಿ ಕರೆಗಳು ವಿರಳವಾದವು, ಹೋಗಿಬರುವುದೂ ಮೊದಲಿನಷ್ಟು ಕೂಡಿಬರಲಿಲ್ಲ. ಕರೆ ಮುಂದುವರಿದಿರುವ ಮನೆಗಳವರು ಚಿತ್ರವನ್ನು ಚೆನ್ನಾಗಿ ನೋಡಬೇಕು. ‘ನನಗೇನು, ಚೆನ್ನಾಗಿದ್ದೇನೆ’ ಎನ್ನುವವರ ಕೆನ್ನೆ ಒಳಸೇರಿದೆಯೇ, ಎರಡು ದಿನ ಅದೇ ಸೀರೆಯೇ, ಹಿಂದೆ ಕಾಣುವ ಹಾಸಿಗೆ ಸಂಜೆಯಾದರೂ ಸುತ್ತಿಲ್ಲವೇ, ವಾರದ ಹೆಸರು ತಪ್ಪುತ್ತಿದೆಯೇ ಎಂಬುದನ್ನು ಗಮನಿಸಬೇಕು. ಇವುಗಳಲ್ಲಿ ಯಾವುದು ಕಂಡರೂ ಮರುದಿನವೇ ಒಬ್ಬರು ಆ ಮನೆಯ ಬಾಗಿಲು ತಟ್ಟಬೇಕು. ಮಕ್ಕಳು ದೂರವಿದ್ದರೆ ಅದೇ ಬಡಾವಣೆಯಲ್ಲಿರುವ ಸಂಘದ ಸದಸ್ಯರೊಬ್ಬರು ಹೋದರೂ ಆದೀತು.