ಕರುಣೆಯ ಕೆಲಸ ಮತ್ತು ಮನೆಯ ಪ್ರೀತಿ

ಪರರ ಕಷ್ಟಕ್ಕೆ ಓಡಿಹೋಗುವವನ ಮೇಲೆ ಅವನನ್ನು ಪ್ರೀತಿಸುವವರಿಗೆ ಎಷ್ಟು ಹಕ್ಕಿದೆ? ಈ ಪ್ರಶ್ನೆ ಹೊಸದಲ್ಲ. ನೆರೆ ಬಂದಾಗ ದೋಣಿ ಇಳಿಸುವ ಯುವಕನ ತಾಯಿ, ಕೋವಿಡ್ ವಾರ್ಡಿನಲ್ಲಿ ದುಡಿದ ನರ್ಸಿನ ಗಂಡ, ಗಡಿಯಲ್ಲಿರುವ ಸೈನಿಕನ ಹೆಂಡತಿ, ಎಲ್ಲರೂ ಇದನ್ನು ಮನಸ್ಸಿನಲ್ಲೇ ಕೇಳಿಕೊಂಡವರು. ನಮ್ಮ ಪ್ರಬೋಧನೆಗಳಲ್ಲಿ ಸಾಮಾನ್ಯವಾಗಿ ಹೊರಟುಹೋದವನ ತ್ಯಾಗವನ್ನು ಹೊಗಳುತ್ತೇವೆ. ಹಿಂದೆ ಉಳಿದವರಿಗೆ ಒಂದು ಸಾಂತ್ವನದ ಮಾತು ಹೇಳಿ ಮುಂದಕ್ಕೆ ಹೋಗುತ್ತೇವೆ. ಈ ವಾರ ಇಬ್ಬರನ್ನೂ ಜೊತೆಯಲ್ಲಿಟ್ಟು ನೋಡೋಣ. ಅದಕ್ಕೆ ಆಧಾರವಾಗಿ ಒಬ್ಬ ಸಾಕ್ಷ್ಯಚಿತ್ರ ನಿರ್ದೇಶಕರ ಜೀವನವನ್ನೂ, ಬೈಬಲಿನ ಒಂದು ಹಳೆಯ ಸಂಸಾರವನ್ನೂ ತೆಗೆದುಕೊಂಡಿದ್ದೇನೆ.

ಮಾಂತಾಸ್ ಕ್ವೆದಾರವಿಚ್ಯುಸ್ ಲಿಥುವೇನಿಯ ದೇಶದವರು. ಹುಟ್ಟಿದ್ದು 1976ರಲ್ಲಿ. ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿ ಮಾನವಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದರು. ಪಾಠ ಹೇಳಿಕೊಂಡು ಸುಖವಾಗಿ ಇರಬಹುದಿತ್ತು. ಆದರೆ ಅವರು ಹೋದದ್ದು ಯುದ್ಧದಲ್ಲಿ ನುಚ್ಚುನೂರಾದ ಚೆಚೆನ್ಯಕ್ಕೆ. ಅಲ್ಲಿ ಮನೆಯಿಂದ ಎಳೆದೊಯ್ಯಲ್ಪಟ್ಟು ಮತ್ತೆ ಬಾರದವರ ಕುಟುಂಬಗಳ ನಡುವೆ ಕುಳಿತು, ಅವರ ಕಾಯುವಿಕೆಯನ್ನು ಚಿತ್ರಿಸಿದರು. 2011ರಲ್ಲಿ ಬಂದ ಆ ಚಿತ್ರದ ಹೆಸರು 'ಬರ್ಜಖ್'. ಬದುಕಿಗೂ ಸಾವಿಗೂ ನಡುವಿನ ಸ್ಥಿತಿ ಎಂಬ ಅರ್ಥದ ಅರಬ್ಬಿ ಪದ ಅದು. ಸತ್ತಿದ್ದಾನೆ ಎಂದರೆ ಅಳಬಹುದು, ಬದುಕಿದ್ದಾನೆ ಎಂದರೆ ಕಾಯಬಹುದು. ಯಾವುದೂ ತಿಳಿಯದಿದ್ದರೆ ಮನೆಯವರು ಏನು ಮಾಡಬೇಕು? ಹನ್ನೊಂದು ವರ್ಷಗಳ ನಂತರ ಇದೇ ಪ್ರಶ್ನೆ ಅವರನ್ನು ಪ್ರೀತಿಸಿದವಳ ಬಾಗಿಲಿಗೇ ಬಂದು ನಿಂತಿತು.

ಉಕ್ರೇನಿನ ಅಜೋವ್ ಸಮುದ್ರದ ದಡದಲ್ಲಿ ಮರಿಯುಪೋಲ್ ಎಂಬ ಬಂದರು ನಗರವಿದೆ. ಕ್ರಿಮಿಯದಿಂದ ಬಂದ ಗ್ರೀಕ್ ಕ್ರೈಸ್ತರು 1780ರ ಸುಮಾರಿಗೆ ಇಲ್ಲಿ ನೆಲೆಸಿದರು. ಹೆಸರಿನ ಅರ್ಥ 'ಮರಿಯಳ ಪಟ್ಟಣ'. ಮುಂದೆ ದೊಡ್ಡ ಉಕ್ಕಿನ ಕಾರ್ಖಾನೆಗಳು ಬಂದು ಅದು ದುಡಿಯುವವರ ಊರಾಯಿತು. 2014-15ರಲ್ಲಿ, ಹತ್ತಿರದಲ್ಲೇ ಗುಂಡಿನ ಕಾಳಗ ನಡೆಯುತ್ತಿದ್ದಾಗ, ಮಾಂತಾಸ್ ಅಲ್ಲಿಗೆ ಹೋದರು. ಅವರ ಕ್ಯಾಮೆರಾ ತೋಪುಗಳನ್ನು ಹುಡುಕಲಿಲ್ಲ. ಟ್ರಾಮ್ ಓಡಿಸುವವರು, ಮೀನು ಹಿಡಿಯುವವರು, ಚಪ್ಪಲಿ ಹೊಲಿಯುವವನು, ಕಾರ್ಖಾನೆಯ ಕಾರ್ಮಿಕರು, ಇವರ ದಿನಚರಿಯನ್ನು ನೋಡಿತು. 'ಮರಿಯುಪೋಲಿಸ್' ಎಂಬ ಆ ಚಿತ್ರ 2016ರಲ್ಲಿ ಬರ್ಲಿನ್ ಚಿತ್ರೋತ್ಸವದಲ್ಲಿ ಪ್ರದರ್ಶನಗೊಂಡಿತು.

2022ರ ಫೆಬ್ರವರಿ 24ರಂದು ರಷ್ಯಾದ ಸೇನೆ ಉಕ್ರೇನಿಗೆ ನುಗ್ಗಿತು. ಕೆಲವೇ ದಿನಗಳಲ್ಲಿ ಸುಮಾರು ನಾಲ್ಕು ಲಕ್ಷಕ್ಕೂ ಹೆಚ್ಚು ಜನರಿದ್ದ ಮರಿಯುಪೋಲ್ ಸುತ್ತುವರಿಯಲ್ಪಟ್ಟಿತು. ನೀರಿಲ್ಲ, ವಿದ್ಯುತ್ತಿಲ್ಲ, ಟೆಲಿಫೋನಿಲ್ಲ. ಮಾರ್ಚ್ 9ರಂದು ಹೆರಿಗೆ ಆಸ್ಪತ್ರೆಯ ಮೇಲೆ ಬಾಂಬು ಬಿತ್ತು. ಮಾರ್ಚ್ 16ರಂದು, ಒಳಗೆ ಮಕ್ಕಳಿದ್ದಾರೆಂದು ನೆಲದ ಮೇಲೆ ದೊಡ್ಡ ಅಕ್ಷರಗಳಲ್ಲಿ ಬರೆದಿದ್ದರೂ, ಜನ ಆಶ್ರಯ ಪಡೆದಿದ್ದ ನಾಟಕಶಾಲೆಯ ಮೇಲೆ ಬಿತ್ತು. ಬಿಟ್ಟು ಓಡಲು ಸಾಧ್ಯವಾದವರೆಲ್ಲ ಓಡುತ್ತಿದ್ದ ಆ ಮಾರ್ಚ್ ತಿಂಗಳಲ್ಲಿ ಮಾಂತಾಸ್ ಊರಿನ ಒಳಕ್ಕೆ ಹೋದರು. ತಾವು ಮೊದಲು ಚಿತ್ರಿಸಿದ್ದ ಜನರ ಜೊತೆಯಲ್ಲಿರಬೇಕೆಂಬುದೇ ಕಾರಣ. ಅವರ ಜೊತೆಗೆ ಹೋದವರು ಅವರು ಮದುವೆಯಾಗಬೇಕಿದ್ದ ಹಾನ್ನಾ ಬಿಲೊಬ್ರೋವಾ.

ವಾಚಕರು ಇಲ್ಲಿ ಸ್ವಲ್ಪ ನಿಲ್ಲಬೇಕು. ಸೇವೆ ಒಂದು ಕಡೆ, ಪ್ರೀತಿ ಇನ್ನೊಂದು ಕಡೆ, ನಡುವೆ ಹರಿದುಹೋಗುವ ಗಂಡಸು: ಸಿನಿಮಾ ಕಥೆಗಳು ನಮಗೆ ಕಲಿಸಿರುವ ಚಿತ್ರ ಇದು. ನಿಜ ಜೀವನದಲ್ಲಿ ಪ್ರೀತಿ ಯಾವಾಗಲೂ ಮನೆಯ ಜಗಲಿಯಲ್ಲಿ ಕೂತು ದಾರಿ ಕಾಯುವುದಿಲ್ಲ. ಕೆಲವೊಮ್ಮೆ ಅದೇ ಗಾಡಿ ಹತ್ತಿ ಜೊತೆಗೆ ಬರುತ್ತದೆ.

ಅವರು ಉಳಿದುಕೊಂಡದ್ದು ಒಂದು ಬ್ಯಾಪ್ಟಿಸ್ಟ್ ದೇವಾಲಯದಲ್ಲಿ. ಸುತ್ತಲಿನ ಮನೆಗಳನ್ನು ಕಳೆದುಕೊಂಡವರು ಅಲ್ಲಿ ಆಶ್ರಯ ಪಡೆದಿದ್ದರು. ಅಲ್ಲಿ ತೆಗೆದ ದೃಶ್ಯಗಳಲ್ಲಿ ಸಂಗೀತವಿಲ್ಲ, ವಿವರಣೆಯ ಧ್ವನಿಯಿಲ್ಲ. ಹೆಂಗಸರು ಅಂಗಳದ ಕಸ, ಗಾಜಿನ ಚೂರು ಗುಡಿಸುತ್ತಾರೆ. ಬಯಲಲ್ಲಿ ಸೌದೆ ಉರಿಸಿ ದೊಡ್ಡ ಪಾತ್ರೆಯಲ್ಲಿ ಸೂಪ್ ಕಾಯಿಸುತ್ತಾರೆ. ದೂರದಲ್ಲಿ ಕಾರ್ಖಾನೆಯ ಕಡೆಯಿಂದ ಹೊಗೆ ಏಳುತ್ತಿರುತ್ತದೆ. ಒಂದು ಕಡೆ ಇಬ್ಬರು ಗಂಡಸರು ಒಂದು ಮನೆಯಿಂದ ಜನರೇಟರ್ ಹೊರಗೆ ಎಳೆಯುತ್ತಾರೆ. ಅಲ್ಲೇ ಶವಗಳು ಬಿದ್ದಿವೆ, ಅವನ್ನು ದಾಟಿಕೊಂಡೇ ಎಳೆಯಬೇಕು. ಅವರು ಕಲ್ಲೆದೆಯವರಲ್ಲ. ಒಳಗೆ ಚಳಿಯಲ್ಲಿ ನಡುಗುವ ಜನರಿಗೆ ಆ ಯಂತ್ರ ಬೇಕು, ಅಷ್ಟೆ.

ಮಾರ್ಚ್ ಕೊನೆಯ ಹೊತ್ತಿಗೆ ಮಾಂತಾಸ್ ಕಾಣೆಯಾದರು. ಏಪ್ರಿಲ್ 2ರಂದು ಅವರ ಮರಣದ ಸುದ್ದಿ ಹೊರಬಿತ್ತು. ಮೊದಲು, ಊರು ಬಿಡುವಾಗ ದಾಳಿಗೆ ಸಿಕ್ಕರೆಂದು ವರದಿಗಳು ಹೇಳಿದವು. ಆಮೇಲೆ ಉಕ್ರೇನಿನ ಮಾನವ ಹಕ್ಕುಗಳ ಅಧಿಕಾರಿ, ರಷ್ಯಾದ ಸೈನಿಕರು ಅವರನ್ನು ಸೆರೆಹಿಡಿದು ಕೊಂದರೆಂದು ತಿಳಿಸಿದರು. ವಯಸ್ಸು 45.

ಹಾನ್ನಾ ಅವರನ್ನು ಹುಡುಕಿದರು, ಶವವನ್ನು ಪಡೆದರು. ಯುದ್ಧ ನಡೆಯುತ್ತಿದ್ದ ಪ್ರದೇಶದಿಂದ, ತಮ್ಮ ಜೀವವನ್ನು ಪಣಕ್ಕಿಟ್ಟು, ಆ ದೇಹವನ್ನು ಲಿಥುವೇನಿಯಕ್ಕೆ ತಂದರು. ಅದರೊಂದಿಗೆ ಇನ್ನೊಂದನ್ನೂ ತಂದರು: ಅವರಿಬ್ಬರೂ ಸೇರಿ ಮಾಡಿದ ಚಿತ್ರೀಕರಣವನ್ನು. ಸಂಕಲನಕಾರ್ತಿ ದುನ್ಯಾ ಸಿಶೋವ್ ಜೊತೆ ಸೇರಿ ಕೆಲವೇ ವಾರಗಳಲ್ಲಿ ಅದನ್ನು ಜೋಡಿಸಲಾಯಿತು. ಅದೇ ಮೇ ತಿಂಗಳಲ್ಲಿ 'ಮರಿಯುಪೋಲಿಸ್ 2' ಕಾನ್ ಚಿತ್ರೋತ್ಸವದಲ್ಲಿ ಪ್ರದರ್ಶನ ಕಂಡಿತು. ಮರಿಯುಪೋಲ್‌ನ ಕೊನೆಯ ರಕ್ಷಕರು ಶರಣಾದದ್ದೂ ಅದೇ ತಿಂಗಳಲ್ಲಿ. ಡಿಸೆಂಬರಿನಲ್ಲಿ ಆ ಚಿತ್ರಕ್ಕೆ ಯುರೋಪಿನ ಶ್ರೇಷ್ಠ ಸಾಕ್ಷ್ಯಚಿತ್ರ ಪ್ರಶಸ್ತಿ ಬಂತು. ಪ್ರಶಸ್ತಿಯ ಮಾತು ಇರಲಿ. ದುಃಖದಲ್ಲಿ ಕುಸಿದುಬೀಳಬೇಕಾದ ಹೊತ್ತಿನಲ್ಲಿ ಒಬ್ಬ ಹೆಣ್ಣುಮಗಳು ದೇಹವನ್ನೂ ಕೆಲಸವನ್ನೂ ಎರಡನ್ನೂ ಮನೆಗೆ ತಲುಪಿಸಿದಳಲ್ಲ, ನನಗೆ ದೊಡ್ಡದಾಗಿ ಕಾಣುವುದು ಅದು.

ದೇಹಕ್ಕಾಗಿ ಕಾಯುವುದು ಎಂದರೇನೆಂದು ನಮ್ಮ ರಾಜ್ಯಕ್ಕೂ ಆ ತಿಂಗಳು ಗೊತ್ತಾಯಿತು. ಉಕ್ರೇನಿನಲ್ಲಿ ವೈದ್ಯಕೀಯ ಓದುತ್ತಿದ್ದ ಕನ್ನಡದ ಒಬ್ಬ ವಿದ್ಯಾರ್ಥಿ ಯುದ್ಧದ ಮೊದಲ ವಾರದಲ್ಲೇ ಮಡಿದಾಗ, ಹೆತ್ತವರು ಮಗನ ಮುಖ ನೋಡಲು ಸುಮಾರು ಮೂರು ವಾರ ಕಾಯಬೇಕಾಯಿತು.

ಮೃತರನ್ನು ಸಮಾಧಿ ಮಾಡುವುದು ಧರ್ಮಸಭೆ ಕಲಿಸುವ ಏಳು ದೈಹಿಕ ಕರುಣಾಕಾರ್ಯಗಳಲ್ಲಿ ಒಂದು. ಧರ್ಮೋಪದೇಶದಲ್ಲಿ ಬಾಯಿಪಾಠ ಮಾಡಿದ್ದೇವೆ, ಆದರೆ ಒಂದು ಸಂಗತಿ ಗಮನಿಸಿರಲಿಕ್ಕಿಲ್ಲ. ಮತ್ತಾಯನ ಶುಭಸಂದೇಶದ 25ನೇ ಅಧ್ಯಾಯದಲ್ಲಿ ಹಸಿದವರು, ಬಾಯಾರಿದವರು, ಪರದೇಶಿಗಳು, ಬಟ್ಟೆಯಿಲ್ಲದವರು, ರೋಗಿಗಳು, ಸೆರೆಯಲ್ಲಿರುವವರು, ಹೀಗೆ ಆರೇ ಇವೆ. ಏಳನೆಯದು ಬಂದದ್ದು ತೋಬಿತನ ಗ್ರಂಥದಿಂದ. ಪ್ರೊಟೆಸ್ಟೆಂಟ್ ಬೈಬಲಿನಲ್ಲಿ ಈ ಗ್ರಂಥ ಸಾಮಾನ್ಯವಾಗಿ ಇರುವುದಿಲ್ಲ. ನಮ್ಮಲ್ಲಿದ್ದೂ ನಾವು ಓದುವುದು ಕಡಿಮೆ.

ತೋಬಿತ ನಿನೆವೆಯಲ್ಲಿ ಗಡಿಪಾರಾಗಿದ್ದ ಇಸ್ರಯೇಲನು. ಅರಸನು ಕೊಂದು ಬಿಸಾಡಿದವರ ಶವಗಳನ್ನು ಗುಟ್ಟಾಗಿ ಹೂಳುತ್ತಿದ್ದ. ವಿಷಯ ಬಯಲಾಗಿ ಆಸ್ತಿಯೆಲ್ಲ ಹೋಯಿತು, ತಲೆಮರೆಸಿಕೊಳ್ಳಬೇಕಾಯಿತು. ಮರಳಿ ಬಂದ ಮೇಲಾದರೂ ಸುಮ್ಮನಿದ್ದನೇ? ಹಬ್ಬದ ದಿನ ಊಟಕ್ಕೆ ಕೂತಿದ್ದಾಗ, ಪೇಟೆಯಲ್ಲಿ ಒಂದು ಹೆಣ ಬಿದ್ದಿದೆಯೆಂದು ಮಗ ಬಂದು ಹೇಳಿದ. ತುತ್ತು ಮುಟ್ಟದೆ ಎದ್ದುಹೋಗಿ ಅದನ್ನು ತಂದಿಟ್ಟು, ಸೂರ್ಯ ಮುಳುಗಿದ ಮೇಲೆ ಹೂಳಿದ. ಅದೇ ರಾತ್ರಿ ಅಂಗಳದಲ್ಲಿ ಮಲಗಿದಾಗ ಹಕ್ಕಿಗಳ ಹಿಕ್ಕೆ ಬಿದ್ದು ಕಣ್ಣು ಹೋಯಿತು.

ಇಲ್ಲಿಯವರೆಗಿನ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಎರಡನೇ ಅಧ್ಯಾಯದ ಕೊನೆಯನ್ನು ಮಾತ್ರ ಬಿಟ್ಟುಬಿಡುತ್ತಾರೆ. ಗಂಡ ಕುರುಡನಾದ ಮೇಲೆ ಹೆಂಡತಿ ಅನ್ನಾ ಕೂಲಿಗೆ ನೇಯ್ದು ಮನೆ ನಡೆಸಿದಳು. ಒಂದು ದಿನ ಯಜಮಾನರು ಕೂಲಿಯ ಜೊತೆಗೆ ಒಂದು ಮೇಕೆಮರಿಯನ್ನೂ ಉಡುಗೊರೆಯಾಗಿ ಕೊಟ್ಟರು. ಮರಿಯ ಕೂಗು ಕೇಳಿ ತೋಬಿತ, ಇದು ಕದ್ದದ್ದಿರಬೇಕು, ಹಿಂದೆ ಕೊಟ್ಟು ಬಾ ಎಂದು ಹಟ ಹಿಡಿದ. ಅವಳು ಎಷ್ಟು ಹೇಳಿದರೂ ನಂಬಲಿಲ್ಲ. ಕೊನೆಗೆ ಅವಳು ಸಿಡಿದೆದ್ದು, ನಿನ್ನ ದಾನಧರ್ಮ ಎಲ್ಲಿಗೆ ಬಂತು ನೋಡು ಎಂಬರ್ಥದ ಮಾತಾಡಿದಳು. ಊರಿನ ಹೆಣಗಳಿಗೆಲ್ಲ ಕರುಣೆ ತೋರಿದ ಮನುಷ್ಯ ತನ್ನ ಒಲೆ ಉರಿಸುತ್ತಿದ್ದವಳ ಮಾತನ್ನು ನಂಬಲಿಲ್ಲ! ಗ್ರಂಥಕರ್ತನು ಇದನ್ನು ಮುಚ್ಚಿಡಲಿಲ್ಲ. ಸೇವೆ ಮಾಡುವವರ ಮನೆಯಲ್ಲಿ ಏನು ನಡೆಯುತ್ತದೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಸಂತ ಪೌಲನು ಕೊರಿಂಥಿಯರಿಗೆ ಬರೆದ ಮೊದಲನೆಯ ಪತ್ರದ 7ನೇ ಅಧ್ಯಾಯದಲ್ಲಿ, ಮದುವೆಯಾದವನ ಮನಸ್ಸು ಪ್ರಭುವಿನ ಕಾರ್ಯಕ್ಕೂ ಸಂಸಾರದ ಕಾರ್ಯಕ್ಕೂ ನಡುವೆ ಇಬ್ಭಾಗವಾಗುತ್ತದೆ ಎನ್ನುತ್ತಾನೆ. ಕೆಲವರು ಈ ಮಾತನ್ನು ಹಿಡಿದು, ದೊಡ್ಡ ಕೆಲಸಕ್ಕೆ ಹೊರಟವನಿಗೆ ಹೆಂಡತಿ ಮಕ್ಕಳು ತೊಡಕು ಎಂದು ವಾದಿಸುವುದುಂಟು. ಆದರೆ ಅವಿವಾಹಿತರ ವಿಷಯದಲ್ಲಿ ಪ್ರಭುವಿನ ಆಜ್ಞೆ ತನಗಿಲ್ಲ, ತನ್ನ ಅಭಿಪ್ರಾಯ ಹೇಳುತ್ತಿದ್ದೇನೆ ಎಂದೂ, ಯಾರ ಕೊರಳಿಗೂ ಉರುಲು ಹಾಕುವುದು ತನ್ನ ಉದ್ದೇಶವಲ್ಲ ಎಂದೂ ಪೌಲನು ಅಲ್ಲೇ ಸ್ಪಷ್ಟಪಡಿಸುತ್ತಾನೆ. ಅವನು ಒಂದು ವಾಸ್ತವವನ್ನು ಹೇಳಿದ್ದಾನೆ. ಇಬ್ಭಾಗವಾದ ಮನಸ್ಸು ಪಾಪವೆಂದು ಹೇಳಿಲ್ಲ. ಶಿಲುಬೆಯ ಮೇಲೆ, ಲೋಕೋದ್ಧಾರದ ಕೆಲಸ ಮುಗಿಯುವ ಗಳಿಗೆಯಲ್ಲೇ, ಯೇಸು ತಮ್ಮ ತಾಯಿಗೆ ಒಂದು ಮನೆ ಗೊತ್ತುಮಾಡಿದ್ದನ್ನು ಯೊವಾನ್ನನ ಶುಭಸಂದೇಶ 19ನೇ ಅಧ್ಯಾಯದಲ್ಲಿ ನೋಡುತ್ತೇವೆ.

ಇಬ್ಭಾಗದ ಇನ್ನೊಂದು ರೂಪವೂ ಇದೆ: ಕಷ್ಟದಲ್ಲಿರುವವನ ಕೈ ಹಿಡಿಯಬೇಕೋ, ಅವನ ಚಿತ್ರ ತೆಗೆಯಬೇಕೋ? ಅದೇ ಊರಿನಲ್ಲಿ ಅದೇ ದಿನಗಳಲ್ಲಿ ಮ್ಸ್ತಿಸ್ಲಾವ್ ಚೆರ್ನೋವ್ ಎಂಬ ಉಕ್ರೇನಿನ ಪತ್ರಕರ್ತರೂ ಅಸೋಸಿಯೇಟೆಡ್ ಪ್ರೆಸ್ ಸಂಸ್ಥೆಗಾಗಿ ಚಿತ್ರಿಸುತ್ತಿದ್ದರು. ಮಗುವೊಂದು ಕಣ್ಣೆದುರೇ ಸಾಯುತ್ತಿದ್ದಾಗ, ಇದನ್ನು ತೆಗೆಯಿರಿ, ಲೋಕಕ್ಕೆ ತೋರಿಸಿ ಎಂದು ವೈದ್ಯರೇ ಒತ್ತಾಯಿಸಿದರು. ಮಾರ್ಚ್ 15ರಂದು ಸಹೋದ್ಯೋಗಿಗಳೊಂದಿಗೆ ಊರು ಬಿಟ್ಟ ಅವರಿಗೆ, ಹಿಂದೆ ಉಳಿದವರ ನೆನಪು ಕಾಡುತ್ತಲೇ ಇತ್ತು. 'ಮರಿಯುಪೋಲ್‌ನಲ್ಲಿ 20 ದಿನಗಳು' ಎಂಬ ಅವರ ಚಿತ್ರಕ್ಕೆ 2024ರ ಮಾರ್ಚ್‌ನಲ್ಲಿ ಆಸ್ಕರ್ ಪ್ರಶಸ್ತಿ ಬಂದಾಗ, ಈ ಚಿತ್ರವನ್ನು ಮಾಡುವ ಪ್ರಸಂಗವೇ ಬರಬಾರದಿತ್ತು ಎಂಬರ್ಥದ ಮಾತನ್ನು ಅವರು ವೇದಿಕೆಯಲ್ಲೇ ಆಡಿದರು. 2021ರ ಸಂಪರ್ಕ ಮಾಧ್ಯಮ ದಿನದ ಸಂದೇಶದಲ್ಲಿ ಜಗದ್ಗುರು ಫ್ರಾನ್ಸಿಸ್‌ರವರು, ಜೀವಕ್ಕೆ ಅಪಾಯವಿದ್ದರೂ ಸ್ಥಳಕ್ಕೆ ಹೋಗಿ ಕಂಡು ತಿಳಿಸುವ ಪತ್ರಕರ್ತರಿಗೂ ಕ್ಯಾಮೆರಾ ಹಿಡಿಯುವವರಿಗೂ ಕೃತಜ್ಞತೆ ಹೇಳಿದ್ದರು. ಯಾರೂ ನೋಡದಿದ್ದರೆ ಬಡವರ ನೋವು ನಡೆದೇ ಇಲ್ಲವೆಂದು ಹೇಳುವುದು ಬಲಿಷ್ಠರಿಗೆ ಸುಲಭ.

ನಮ್ಮ ಧರ್ಮಕೇಂದ್ರಗಳಲ್ಲಿ ಕ್ಯಾಮೆರಾ ಹಿಡಿದು ಯುದ್ಧಕ್ಕೆ ಹೋದವರು ವಿರಳ. ಆದರೆ ಸೇನೆ, ಅಗ್ನಿಶಾಮಕ ದಳ, ಪರದೇಶದ ಆಸ್ಪತ್ರೆಗಳಲ್ಲಿ ಇರುವವರು ಅನೇಕರು. ವಿವಾಹ ಸಿದ್ಧತಾ ಶಿಬಿರಗಳಲ್ಲಿ ಹಣಕಾಸು, ಅತ್ತೆ ಸೊಸೆಯರ ವಿಷಯ ಮಾತಾಡುತ್ತೇವೆ. ನಿನ್ನ ಕೆಲಸದಲ್ಲಿ ನನಗೆ ಎಷ್ಟು ಪಾಲು, ಅಪಾಯದ ತೀರ್ಮಾನವನ್ನು ನೀನೊಬ್ಬನೇ ಮಾಡುವೆಯೋ ಅಥವಾ ಕೇಳಿ ಮಾಡುವೆಯೋ, ಇಂಥ ಪ್ರಶ್ನೆಗಳನ್ನೂ ಅಲ್ಲಿ ಎತ್ತಬೇಕು. ಮನೆಯಲ್ಲಿ ಓದುವವರು ತೋಬಿತನ ಗ್ರಂಥದ ಮೊದಲ ನಾಲ್ಕು ಅಧ್ಯಾಯಗಳನ್ನು ಒಂದೇ ಸಂಜೆ ಗಂಡ ಹೆಂಡತಿ ಕೂತು ಓದಿಕೊಳ್ಳಬಹುದು.

ನಾಲ್ಕನೆಯದರಲ್ಲಿ ತೋಬಿತ, ತನ್ನ ಸಾವು ಹತ್ತಿರವಾಯಿತೆಂದು ಭಾವಿಸಿ, ಮಗನನ್ನು ಕರೆದು ಮಾತಾಡುತ್ತಾನೆ. ಮೊದಲು ಹೇಳುವುದು ತನ್ನ ಸಮಾಧಿಯ ವಿಷಯ. ಕೂಡಲೇ ಮೇಕೆಮರಿಯ ಜಗಳದ ಅದೇ ಅನ್ನಾಳ ವಿಷಯ: ತಾಯಿಯನ್ನು ಗೌರವದಿಂದ ನೋಡಿಕೋ, ನಿನ್ನನ್ನು ಹೊತ್ತಾಗ ಅವಳು ಪಟ್ಟ ಕಷ್ಟ ನೆನಪಿಡು, ಅವಳು ತೀರಿಕೊಂಡಾಗ ನನ್ನ ಪಕ್ಕದಲ್ಲೇ, ಒಂದೇ ಸಮಾಧಿಯಲ್ಲಿ ಇಡು ಎನ್ನುತ್ತಾನೆ.