ಆಗ ಯಾಕೆ ಹೇಳಲಿಲ್ಲ?


*ಇಂದಿನ ಧಮ್ಮ ಚಿಂತನೆ: ಸಮ್ಯಕ್ ವಾಚಾ*



1997ರಲ್ಲಿ ಭಾರತಕ್ಕೆ ಟೆಸ್ಟ್ ಆಡಿದ ನಮ್ಮ ಕರ್ನಾಟಕದ ವೇಗದ ಬೌಲರ್ ದೊಡ್ಡ ಗಣೇಶ್, 2020ರಲ್ಲಿ ಟ್ವಿಟರ್‌ನಲ್ಲಿ ಒಂದು ಸತ್ಯ ಹೇಳಿದರು. ಆಡುವ ದಿನಗಳಲ್ಲಿ ತಾವು ಜನಾಂಗೀಯ ನಿಂದನೆ ಅನುಭವಿಸಿದ್ದೆವು, ದೇಶದ ದಿಗ್ಗಜ ಆಟಗಾರರೊಬ್ಬರು ಅದಕ್ಕೆ ಸಾಕ್ಷಿಯಾಗಿದ್ದರು, ಆಗ ಹೇಳಿಕೊಳ್ಳಲು ವೇದಿಕೆ ಇರಲಿಲ್ಲ ಎಂದರು. ಅದೇ ವರ್ಷ ವೆಸ್ಟ್ ಇಂಡೀಸ್‌ನ ಡ್ಯಾರೆನ್ ಸ್ಯಾಮಿ ಕೂಡ ಮಾತಾಡಿದರು. ಐಪಿಎಲ್‌ನಲ್ಲಿ ತಮ್ಮನ್ನು 'ಕಾಲೂ' ಎಂದು ಕರೆಯುತ್ತಿದ್ದುದರ ಅರ್ಥ ಅವರಿಗೆ ತಿಳಿದದ್ದೇ ವರ್ಷಗಳ ನಂತರ.

ಇಂಥ ಮಾತು ಹೊರಬಂದಾಗ ಜನ ಮೊದಲು ಕೇಳುವುದು: "ಇಷ್ಟು ದಿನ ಯಾಕೆ ಸುಮ್ಮನಿದ್ದರು?"

ತಂಡದಲ್ಲಿ ಜಾಗ ಕೊಡುವುದು ಕೋಚ್, ಹೆಸರು ಬರೆಯುವುದು ಸೆಲೆಕ್ಟರ್. ಬೈಗುಳ ಅವರ ಬಾಯಿಂದಲೇ ಬಂದರೆ ಹದಿನೈದು ವರ್ಷದ ಮಗು ಯಾರ ಮುಂದೆ ಹೇಳಬೇಕು? ಹೇಳಿದರೆ ಆಟ ಹೋಗುತ್ತದೆ, ಹೇಳದಿದ್ದರೆ ಮಾನ ಹೋಗುತ್ತದೆ.

ಬಾಬಾಸಾಹೇಬರನ್ನೇ ನೋಡಿ. 1901ರಲ್ಲಿ ತಂದೆಯನ್ನು ಕಾಣಲು ಗೋರೆಗಾಂವ್‌ಗೆ ಹೊರಟ ಬಾಲಕನಿಗೆ ದಾರಿಯಲ್ಲಿ ಕುಡಿಯಲು ನೀರು ಸಿಗಲಿಲ್ಲ. ಅದನ್ನು ಅವರು 'ವೇಟಿಂಗ್ ಫಾರ್ ಎ ವೀಸಾ'ದಲ್ಲಿ ಬರೆದದ್ದು ಮೂರು ದಶಕ ದಾಟಿದ ಮೇಲೆ. ತಡವಾಯಿತೆಂದು ಆ ಸತ್ಯ ಸುಳ್ಳಾಯಿತೇ?

ಅಭಯ ರಾಜಕುಮಾರ ಸುತ್ತದಲ್ಲಿ ಭಗವಾನ್ ಬುದ್ಧರು ಹೇಳುತ್ತಾರೆ: ಮಾತು ನಿಜವಿರಬೇಕು, ಹಿತವಿರಬೇಕು, ಕೇಳುವವರಿಗೆ ಕಹಿಯಾದರೂ ಸಮಯ ಅರಿತು ಅದನ್ನು ಆಡಬೇಕು. ಮಗುವಿನ ಗಂಟಲಲ್ಲಿ ಕಲ್ಲು ಸಿಕ್ಕರೆ, ರಕ್ತ ಬಂದರೂ ಕರುಣೆಯಿಂದ ತೆಗೆಯುತ್ತೇವಲ್ಲ, ಹಾಗೆ.

ಸಮಯ ಅರಿಯುವುದೆಂದರೆ ನೊಂದವರು ಕಾಯುತ್ತಲೇ ಇರಬೇಕೆಂದಲ್ಲ. ಕೇಳುವ ಕಿವಿ ಇದ್ದಾಗಲೇ ಸಮಯ ಬರುತ್ತದೆ. ಆ ಕಿವಿ ನಾವಾಗಬೇಕು.

ವಿಜಯಪುರ ಸೈಕ್ಲಿಂಗ್‌ಗೆ ಹೆಸರಾದ ಊರು. ತಿಕೋಟಾ, ಬಬಲೇಶ್ವರ ಕಡೆಯ ನಮ್ಮ ಮಕ್ಕಳೂ ಮೈದಾನಕ್ಕೆ ಇಳಿಯಲಿ, ಗೆಲ್ಲಲಿ. ಮನೆಗೆ ಬಂದಾಗ "ಎಷ್ಟನೇ ನಂಬರ್ ಬಂತು?" ಎಂದಷ್ಟೇ ಕೇಳಬೇಡಿ. "ಅಲ್ಲಿ ನಿನ್ನನ್ನ ಏನಂತ ಕರೀತಾರ?" ಅಂತಲೂ ಕೇಳಿ. ಮಗು ಹೇಳಿದ್ದನ್ನು "ಹೋಗ್ಲಿ ಬಿಡು" ಎಂದು ಮುಚ್ಚಬೇಡಿ. ದಿನಾಂಕ, ಆಡಿದ ಮಾತು, ಕೇಳಿಸಿಕೊಂಡವರ ಹೆಸರು ಬರೆದಿಡಿ. ಜಾತಿ ಹಿಡಿದು ಸಾರ್ವಜನಿಕವಾಗಿ ನಿಂದಿಸಿದರೆ 1989ರ ದೌರ್ಜನ್ಯ ತಡೆ ಕಾಯ್ದೆ ನಮ್ಮ ಬೆನ್ನಿಗಿದೆ.

*ಇಂದಿನ ಅಭ್ಯಾಸ:* ಮನೆಯ ಒಂದು ಮಗುವಿನ ಜೊತೆ ಹತ್ತು ನಿಮಿಷ ಕೂತು, ನಡುವೆ ಬಾಯಿ ಹಾಕದೆ ಕೇಳಿಸಿಕೊಳ್ಳಿ.

ಭವತು ಸಬ್ಬ ಮಂಗಲಂ 🙏